ಫಸಲಿಯಿಂದ ಯೂನಿಕ್ಸ್‌ವರೆಗೆ: ಒಂದೇ ದಿನಕ್ಕೆ ಹಲವು ಲೆಕ್ಕ

ಯಾದಗಿರಿ, ಶಹಾಪುರ, ಸುರಪುರದ ಹಳೆಯ ಮನೆಗಳಲ್ಲಿ ಟ್ರಂಕಿನ ತಳದಲ್ಲಿ ಜೋಪಾನವಾಗಿ ಇಟ್ಟ ಕಾಗದಗಳಿರುತ್ತವೆ. ಹೊಲದ ಖರೀದಿ ಪತ್ರ, ಕಂದಾಯ ಕಟ್ಟಿದ ರಸೀದಿ, ಪಾಲು ಹಂಚಿಕೆಯ ಬರಹ. ಅನೇಕವು ಉರ್ದುವಿನಲ್ಲಿವೆ. ತಾರೀಖಿನ ಜಾಗದಲ್ಲಿ ‘1350 ಫಸಲಿ’ ಎಂಬಂಥ ಬರಹ ಕಾಣುತ್ತದೆ. ಈಗ ಆ ಕಾಗದದ ವಿವರವನ್ನು ಕಂಪ್ಯೂಟರಿಗೆ ಊಡಿಸಬೇಕೆಂದುಕೊಳ್ಳಿ. ಪರದೆಯ ಮೇಲಿನ ಪೆಟ್ಟಿಗೆ ದಿನ, ತಿಂಗಳು, ವರ್ಷ ಕೇಳುತ್ತದೆ. ಅದರಲ್ಲಿ 1350 ಎಂದು ಬರೆದರೆ ವಿಜಯನಗರದ ಆರಂಭಕಾಲದಲ್ಲೇ ಈ ಹೊಲ ಖರೀದಿಯಾಯಿತು ಎಂದಾಗುತ್ತದೆ! ನಿಜವಾಗಿ ಅದು 1940-41ರ ಕಾಗದ.

ಇಷ್ಟಕ್ಕೇ ಮುಗಿಯಲಿಲ್ಲ. ಪೆಟ್ಟಿಗೆಯಲ್ಲಿ ಬರೆದ ತಾರೀಖನ್ನು ದತ್ತಸಂಚಯ, ಅಂದರೆ ಡೇಟಾಬೇಸ್, ತನ್ನದೇ ರೀತಿಯಲ್ಲಿ ಇಟ್ಟುಕೊಳ್ಳುತ್ತದೆ. ಅದನ್ನು ಓದುವ ಇನ್ನೊಂದು ಕಂಪ್ಯೂಟರಿನ ಪ್ರೋಗ್ರಾಂ ಅದೇ ತಾರೀಖನ್ನು ‘ಯೂನಿಕ್ಸ್ ಕಾಲ’ ಎಂಬ ಒಂದೇ ಸಂಖ್ಯೆಯಾಗಿ ಬಯಸಬಹುದು. ಫಸಲಿಯಿಂದ ಇಸವಿಗೆ, ಇಸವಿಯಿಂದ ಸೆಕೆಂಡುಗಳಿಗೆ. ಎರಡೂ ಒಂದೇ ಜಾತಿಯ ಕೆಲಸ. ಈ ಕೆಲಸಕ್ಕೆ ನಮ್ಮ ಭಾಗದಲ್ಲಿ ಉದ್ದವಾದ ಇತಿಹಾಸವಿದೆ.

ಮೂರು ಪ್ರಶ್ನೆಗಳು

ಯಾವ ಕಾಲಗಣನೆಯೇ ಆಗಲಿ ಮೂರು ಪ್ರಶ್ನೆಗಳಿಗೆ ಉತ್ತರ ಹೇಳಬೇಕು. ಎಣಿಕೆ ಎಲ್ಲಿಂದ ಶುರು? ಯಾವ ಅಳತೆಯಿಂದ ಎಣಿಸುವುದು? ಯಾವ ಊರಿನ ಹೊತ್ತು? ಮೊದಲನೆಯದು ಆರಂಭಬಿಂದು, ಎರಡನೆಯದು ಏಕಮಾನ, ಮೂರನೆಯದು ರೇಖಾಂಶ. ಈ ಮೂರರಲ್ಲಿ ಒಂದನ್ನು ಮರೆತರೂ ಪರಿವರ್ತನೆ ತಪ್ಪುತ್ತದೆ.

ಅಹರ್ಗಣ: ದಿನಗಳ ರಾಶಿ

ಭಾರತದ ಗಣಿತಜ್ಞರು ಗ್ರಹಗಳ ಸ್ಥಾನ ಕಂಡುಹಿಡಿಯಲು ಮೊದಲು ‘ಅಹರ್ಗಣ’ ಲೆಕ್ಕ ಹಾಕುತ್ತಿದ್ದರು. ‘ಅಹಃ’ ಎಂದರೆ ದಿನ, ‘ಗಣ’ ಎಂದರೆ ಸಮೂಹ. ಕಲಿಯುಗದ ಆರಂಭದಿಂದ ಬೇಕಾದ ದಿನದವರೆಗೆ ಕಳೆದ ದಿನಗಳ ಒಟ್ಟು ಸಂಖ್ಯೆಯೇ ಅಹರ್ಗಣ. ಕಲಿಯ ಆರಂಭವನ್ನು ಕ್ರಿಸ್ತಪೂರ್ವ 3102ರ ಫೆಬ್ರವರಿ 18, ಶುಕ್ರವಾರ ಎಂದು ಹಿಡಿಯುತ್ತಾರೆ. ಊರು ಉಜ್ಜಯಿನಿ. ಇದು ಗಣಿತದ ಅನುಕೂಲಕ್ಕೆ ಹಿಂದಕ್ಕೆ ಲೆಕ್ಕ ಹಾಕಿ ನೆಟ್ಟ ಗೂಟ.

ಅಧಿಕಮಾಸ, ಕ್ಷಯತಿಥಿ ಇತ್ಯಾದಿ ತೊಡಕುಗಳೆಲ್ಲ ಅಹರ್ಗಣ ಕಂಡುಹಿಡಿಯುವಾಗಲೇ ಮುಗಿದುಹೋಗುತ್ತವೆ. ಒಮ್ಮೆ ದಿನಗಳ ಸಂಖ್ಯೆ ಸಿಕ್ಕಿತೆಂದರೆ ಮುಂದಿನದು ಬರೀ ಕೂಡು, ಕಳೆ, ಗುಣಿಸು, ಭಾಗಿಸು. ಇಂದಿನ ಪ್ರೋಗ್ರಾಂ ಬರೆಯುವವರು ಯೂನಿಕ್ಸ್ ಕಾಲವನ್ನು ಇಷ್ಟಪಡುವುದೂ ಇದೇ ಕಾರಣಕ್ಕೆ. ಎರಡು ಘಟನೆಗಳ ನಡುವಿನ ಅಂತರ ಬೇಕಿದ್ದರೆ ಒಂದು ಸಂಖ್ಯೆಯಿಂದ ಇನ್ನೊಂದನ್ನು ಕಳೆದರಾಯಿತು.

ಆದರೆ ಕಲಿಯಿಂದ ಎಣಿಸಿದರೆ ಸಂಖ್ಯೆ ಹದಿನೆಂಟು ಲಕ್ಷ ದಾಟುತ್ತದೆ. ಅಷ್ಟು ದೊಡ್ಡ ಸಂಖ್ಯೆಯನ್ನು ಕೈಯಲ್ಲಿ ಗುಣಿಸುವುದು ತ್ರಾಸ. ಆದ್ದರಿಂದ ‘ಕರಣ’ ಗ್ರಂಥಗಳನ್ನು ಬರೆದವರು ಆರಂಭಬಿಂದುವನ್ನು ತಮ್ಮ ಕಾಲದ ಹತ್ತಿರಕ್ಕೆ ತಂದರು. ಬ್ರಹ್ಮಗುಪ್ತನ ‘ಖಂಡಖಾದ್ಯಕ’ ಶಕ 587ರಿಂದ, ಅಂದರೆ ಕ್ರಿಸ್ತಶಕ 665ರಿಂದ ಎಣಿಸುತ್ತದೆ. ಗಣೇಶ ದೈವಜ್ಞನ ‘ಗ್ರಹಲಾಘವ’ ಶಕ 1442ರಿಂದ, ಅಂದರೆ 1520ರಿಂದ ಎಣಿಸುತ್ತದೆ. ಗಣೇಶ ದೈವಜ್ಞ ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿ 11 ವರ್ಷಗಳ, 4016 ದಿನಗಳ ಒಂದು ‘ಚಕ್ರ’ ಮಾಡಿದ. ಚಕ್ರಗಳ ಸಂಖ್ಯೆ ಬೇರೆ, ಉಳಿದ ದಿನಗಳ ಸಂಖ್ಯೆ ಬೇರೆ. ಹೀಗಾಗಿ ಅಹರ್ಗಣ ಎಂದೂ ನಾಲ್ಕು ಅಂಕಿಗಳನ್ನು ದಾಟುವುದಿಲ್ಲ. ಸಂಖ್ಯೆ ಹಿಡಿಸುವ ಪಾತ್ರೆ ಚಿಕ್ಕದಾದರೆ ಏನು ಮಾಡಬೇಕೆಂಬ ಪ್ರಶ್ನೆ 500 ವರ್ಷಗಳ ಹಿಂದೆಯೂ ಇತ್ತು ಎಂಬುದನ್ನು ಗಮನಿಸಿ.

ವಾರವೆಂಬ ಪರೀಕ್ಷೆ

ನಮ್ಮ ಕನ್ನಡ ಶಾಸನಗಳಲ್ಲಿ ಶಕವರ್ಷ, ಸಂವತ್ಸರ, ಮಾಸ, ಪಕ್ಷ, ತಿಥಿ, ವಾರ ಎಲ್ಲವನ್ನೂ ಒಟ್ಟಿಗೆ ಕೆತ್ತಿಸುವುದು ರೂಢಿ. ಇದೇಕೆ ಇಷ್ಟೊಂದು ಎನಿಸಬಹುದು. ಸಂವತ್ಸರ ಒಂದನ್ನೇ ಬರೆದರೆ ಅದು 60 ವರ್ಷಕ್ಕೊಮ್ಮೆ ಮರಳಿ ಬರುತ್ತದೆ. ‘ಸರ್ವಧಾರಿ’ ಎಂದಷ್ಟೇ ಹೇಳಿದರೆ ಅದು 1948-49 ಆಗಬಹುದು, 2008-09 ಕೂಡ ಆಗಬಹುದು. ಶಕವರ್ಷ ಸೇರಿಸಿದರೆ ಈ ಸಂಶಯ ನಿವಾರಣೆಯಾಗುತ್ತದೆ. ಇಸವಿಯ ಕೊನೆಯ ಎರಡೇ ಅಂಕಿ ಬರೆದಿಟ್ಟ ಕಂಪ್ಯೂಟರುಗಳು 2000ನೆಯ ಇಸವಿ ಬಂದಾಗ ಎದುರಿಸಿದ ‘ವೈ2ಕೆ’ ತೊಂದರೆಯೂ ಇದೇ ಬಗೆಯದು. ಅಲ್ಲಿ ಚಕ್ರ 60ರ ಬದಲು 100 ವರ್ಷದ್ದು.

ವಾರದ ಉಪಯೋಗ ಇನ್ನೂ ದೊಡ್ಡದು. ತಿಥಿಯಿಂದ ಲೆಕ್ಕ ಹಾಕಿದ ದಿನದ ವಾರ ಶಾಸನದ ವಾರಕ್ಕೆ ಹೊಂದದಿದ್ದರೆ, ಓದುವುದರಲ್ಲೋ ಕೆತ್ತುವುದರಲ್ಲೋ ಲೆಕ್ಕದಲ್ಲೋ ತಪ್ಪಾಗಿದೆ ಎಂದರ್ಥ. 1896ರಲ್ಲಿ ರಾಬರ್ಟ್ ಸೀವೆಲ್ ಮತ್ತು ಶಂಕರ ಬಾಲಕೃಷ್ಣ ದೀಕ್ಷಿತ್ ಭಾರತೀಯ ಪಂಚಾಂಗಗಳನ್ನು ಇಸವಿಗೆ ಪರಿವರ್ತಿಸುವ ಕೋಷ್ಟಕಗಳನ್ನು ಪ್ರಕಟಿಸಿದರು. 1922ರಲ್ಲಿ ಎಲ್.ಡಿ. ಸ್ವಾಮಿಕಣ್ಣು ಪಿಳ್ಳೆ ಅವರ ದೊಡ್ಡ ಪಂಚಾಂಗ ಸಂಪುಟಗಳು ಬಂದವು. ಶಾಸನತಜ್ಞರು ಇವುಗಳಲ್ಲಿ ತಾರೀಖು ಹುಡುಕಿ, ಕೊನೆಗೆ ವಾರ ಹೊಂದುತ್ತದೆಯೇ ಎಂದು ನೋಡುತ್ತಿದ್ದರು. ಕಂಪ್ಯೂಟರಿನ ಭಾಷೆಯಲ್ಲಿ ಇದು ತಾಳೆ ಅಂಕಿ.

ಫಸಲಿ: ಬೆಳೆಗಾಗಿ ಹುಟ್ಟಿದ ವರ್ಷ

ನಿಜಾಮರ ಹೈದರಾಬಾದ್ ಸಂಸ್ಥಾನದಲ್ಲಿ ಧಾರ್ಮಿಕ ವಿಷಯಗಳಿಗೆ ಹಿಜರಿ ವರ್ಷ, ಕಂದಾಯಕ್ಕೆ ಫಸಲಿ ವರ್ಷ. ‘ಫಸಲ್’ ಎಂದರೆ ಬೆಳೆ. ಹಿಜರಿ ವರ್ಷ ಪೂರ್ತಿ ಚಂದ್ರನನ್ನು ಅನುಸರಿಸುತ್ತದೆ. ಅದರಲ್ಲಿ ಸುಮಾರು 354 ದಿನ. ಸೂರ್ಯನ 33 ವರ್ಷಗಳಲ್ಲಿ ಹಿಜರಿಯ 34 ವರ್ಷಗಳು ಮುಗಿಯುತ್ತವೆ. ಕಂದಾಯವನ್ನು ಹಿಜರಿಯಂತೆ ವಸೂಲು ಮಾಡಿದರೆ ರೈತ 33 ಬೆಳೆ ತೆಗೆದು 34 ಕಂದಾಯ ಕಟ್ಟಬೇಕಾಗುತ್ತದೆ! ಏಕಮಾನ ತಪ್ಪಿದರೆ ಬಡವನ ಚೀಲಕ್ಕೆ ಹೇಗೆ ಕತ್ತರಿ ಬೀಳುತ್ತದೆ ಎಂಬುದಕ್ಕೆ ಇದಕ್ಕಿಂತ ಒಳ್ಳೆಯ ಉದಾಹರಣೆ ಬೇಡ.

ಇದಕ್ಕೆ ಪರಿಹಾರವಾಗಿ ಅಕ್ಬರನ ಕಾಲದಲ್ಲಿ ಉತ್ತರದಲ್ಲೂ, 1636ರಲ್ಲಿ ಷಹಜಹಾನನ ಕಾಲದಲ್ಲಿ ದಖ್ಖನಿನಲ್ಲೂ ಫಸಲಿ ಬಂತು. ಆ ಹೊತ್ತಿನ ಹಿಜರಿ ಅಂಕಿಯನ್ನೇ ತೆಗೆದುಕೊಂಡು, ಅಲ್ಲಿಂದ ಮುಂದೆ ಸೂರ್ಯನ ವರ್ಷದಂತೆ ಎಣಿಸುವುದು ಇದರ ಉಪಾಯ. 1636ರಲ್ಲಿ ಹಿಜರಿ 1046 ಆಗಿತ್ತು. ವ್ಯತ್ಯಾಸ 590. ಸಂಸ್ಥಾನದ ಕೊನೆಯ ದಶಕಗಳಲ್ಲಿ ಫಸಲಿ ವರ್ಷ ಅಕ್ಟೋಬರ್ ಮೊದಲ ವಾರದಲ್ಲಿ ‘ಆಜುರ್’ ತಿಂಗಳಿಂದ ಆರಂಭವಾಗಿ ‘ಆಬಾನ್’ ತಿಂಗಳಲ್ಲಿ ಮುಗಿಯುತ್ತಿತ್ತು. ಆದ್ದರಿಂದ ಅಕ್ಟೋಬರ್‌ನಿಂದ ಡಿಸೆಂಬರ್‌ವರೆಗಿನ ಕಾಗದಕ್ಕೆ 590, ಜನವರಿಯಿಂದ ಮುಂದಿನದಕ್ಕೆ 591 ಕೂಡಿಸಬೇಕು. ಒಂದೇ ಅಂಕಿ ಕೂಡಿಸಿ ಕೈತೊಳೆದುಕೊಂಡರೆ ಒಂದು ವರ್ಷದ ವ್ಯತ್ಯಾಸ ಬೀಳುತ್ತದೆ. ಹೈದರಾಬಾದಿನ ಭೂಕಂದಾಯ ಕಾನೂನಿನ ಹೆಸರಲ್ಲೇ 1317 ಫಸಲಿ ಇದೆ, ಅದು 1907-08. ಕರ್ನಾಟಕದ 1964ರ ಭೂಕಂದಾಯ ಕಾಯ್ದೆ ಬಂದ ಮೇಲೆ ಆ ಕಾನೂನು ನಮ್ಮ ಭಾಗದಲ್ಲಿ ರದ್ದಾಯಿತು. ಕಾನೂನು ಹೋದರೂ ಕಾಗದ ಉಳಿಯಿತು.

ಇಲ್ಲಿ ಮೂರನೆಯ ಪ್ರಶ್ನೆಯೂ ಎದ್ದು ಬರುತ್ತದೆ. ಮದ್ರಾಸ್ ಪ್ರಾಂತದ ಬಳ್ಳಾರಿಯಲ್ಲಿ ಫಸಲಿ ವರ್ಷ ಜುಲೈ 1ಕ್ಕೆ ಶುರು. ಮುಂಬಯಿ ಪ್ರಾಂತದ ವಿಜಾಪುರದ ಕಡೆ ಜೂನ್ ಆರಂಭದ ಮೃಗಶಿರಾ ಮಳೆಗೆ ಶುರು. ಸುರಪುರದಲ್ಲಿ ಅಕ್ಟೋಬರ್‌ನಲ್ಲಿ. ಹೀಗಾಗಿ 1940ರ ಆಗಸ್ಟ್ ತಿಂಗಳ ಒಂದು ದಿನ ಬಳ್ಳಾರಿಯಲ್ಲಿ 1350 ಫಸಲಿ, ಸುರಪುರದಲ್ಲಿ ಇನ್ನೂ 1349. ಹೆಸರು ಒಂದೇ, ಊರು ಬೇರೆ, ವರ್ಷ ಬೇರೆ. ಕಾಗದ ಎಲ್ಲಿಯದು ಎಂದು ಕೇಳದೆ ತಾರೀಖು ಬದಲಾಯಿಸುವಂತಿಲ್ಲ.

ಯಾದಗಿರಿ ನಿಲ್ದಾಣದ ಗಡಿಯಾರ

1871ರಲ್ಲಿ ಮುಂಬಯಿ ಮತ್ತು ಮದ್ರಾಸಿನ ರೈಲುಮಾರ್ಗಗಳು ರಾಯಚೂರಿನಲ್ಲಿ ಕೂಡಿದವು. ಯಾದಗಿರಿ ಆ ಮಾರ್ಗದ ಮೇಲಿದೆ. ಅದುವರೆಗೆ ಪ್ರತಿ ಊರಿಗೂ ಅದರದೇ ಮಧ್ಯಾಹ್ನ. ರೈಲಿಗೆ ಇದು ಹೊಂದುವುದಿಲ್ಲ. ಆಗ ಭಾರತದ ರೈಲುಗಳು ಮದ್ರಾಸ್ ವೀಕ್ಷಣಾಲಯದ ಹೊತ್ತನ್ನು ಅನುಸರಿಸಿದವು. ಅದನ್ನು ತಂತಿಯ ಮೂಲಕ ನಿಲ್ದಾಣಗಳಿಗೆ ತಿಳಿಸುತ್ತಿದ್ದರು. ಮದ್ರಾಸಿನ ರೇಖಾಂಶ ಸುಮಾರು 80.25 ಡಿಗ್ರಿ, ಯಾದಗಿರಿಯದು 77.13 ಡಿಗ್ರಿ. ಭೂಮಿ 1 ಡಿಗ್ರಿ ತಿರುಗಲು 4 ನಿಮಿಷ ಬೇಕು. ಹಾಗಾದರೆ ನಿಲ್ದಾಣದ ಗಡಿಯಾರ ಊರಿನ ಸೂರ್ಯನಿಗಿಂತ ಸುಮಾರು ಹನ್ನೆರಡೂವರೆ ನಿಮಿಷ ಮುಂದಿತ್ತು. ಹೊತ್ತು ನೋಡಿಕೊಂಡು ಸುರಪುರ, ಶಹಾಪುರದಿಂದ ಬಂಡಿ ಕಟ್ಟಿಕೊಂಡು ಬಂದವರಿಗೆ ಗಾಡಿ ತಪ್ಪಲು ಇಷ್ಟು ಸಾಕು.

1906ರ ಜನವರಿ 1ರಂದು ಭಾರತೀಯ ಶಿಷ್ಟಕಾಲ ಜಾರಿಗೆ ಬಂತು. ಅದರ ರೇಖಾಂಶ 82.5 ಡಿಗ್ರಿ, ಗ್ರೀನಿಚ್‌ಗಿಂತ ಐದೂವರೆ ಗಂಟೆ ಮುಂದೆ. ಈಗ ಯಾದಗಿರಿಯ ಸರಾಸರಿ ಸೂರ್ಯಕಾಲ ಗಡಿಯಾರಕ್ಕಿಂತ ಸುಮಾರು 21 ನಿಮಿಷ, ಸುರಪುರದ್ದು ಸುಮಾರು 23 ನಿಮಿಷ ಹಿಂದೆ. ಎರಡನೆಯ ಮಹಾಯುದ್ಧದ ನಡುವೆ, 1942ರ ಸೆಪ್ಟೆಂಬರ್‌ನಿಂದ 1945ರ ಅಕ್ಟೋಬರ್‌ವರೆಗೆ, ಗಡಿಯಾರವನ್ನು ಇನ್ನೂ ಒಂದು ಗಂಟೆ ಮುಂದಿಟ್ಟಿದ್ದರು. ಆ ಕಾಲದ ಗಂಟೆ-ನಿಮಿಷ ಬರೆದ ದಾಖಲೆಗೆ ಐದೂವರೆ ಗಂಟೆ ಕಳೆದರೆ ಉತ್ತರ ತಪ್ಪು. ಇಂದಿನ ಕಂಪ್ಯೂಟರುಗಳಲ್ಲಿರುವ ಕಾಲವಲಯಗಳ ಪಟ್ಟಿಯಲ್ಲಿ ‘ಏಷ್ಯಾ/ಕೋಲ್ಕತ್ತ’ ಎಂಬ ಹೆಸರಿನ ಕೆಳಗೆ ಈ ಬದಲಾವಣೆಗಳೂ ದಾಖಲಾಗಿವೆ.

ಬೆಲ್ ಪ್ರಯೋಗಾಲಯದ ಸೆಕೆಂಡುಗಳು

1969ರಲ್ಲಿ ಅಮೆರಿಕದ ಬೆಲ್ ಪ್ರಯೋಗಾಲಯದಲ್ಲಿ ಕೆನ್ ಥಾಂಪ್ಸನ್ ಮತ್ತು ಡೆನಿಸ್ ರಿಚಿ ಯೂನಿಕ್ಸ್ ಕಾರ್ಯಾಚರಣಾ ವ್ಯವಸ್ಥೆಯ ಕೆಲಸ ಆರಂಭಿಸಿದರು. 1971ರ ನವೆಂಬರಿನ ಮೊದಲ ಕೈಪಿಡಿಯಂತೆ ಕಾಲದ ಎಣಿಕೆ 1971ರ ಜನವರಿ 1ರಿಂದ, ಸೆಕೆಂಡಿನ 60ನೆಯ ಒಂದು ಭಾಗದ ಅಳತೆಯಲ್ಲಿ. ಅಮೆರಿಕದ ವಿದ್ಯುತ್ತಿನ ಆವರ್ತನ 60 ಆಗಿದ್ದುದೇ ಈ ಅಳತೆಗೆ ಮೂಲ. ಸಂಖ್ಯೆ ಇಡಲು 32 ಬಿಟ್‌ಗಳ ಜಾಗವಿತ್ತು. ಲೆಕ್ಕ ಹಾಕಿ: ಸೆಕೆಂಡಿಗೆ 60ರಂತೆ ಎಣಿಸಿದರೆ ಆ ಜಾಗ ಸುಮಾರು 829 ದಿನಗಳಲ್ಲಿ ತುಂಬಿಹೋಗುತ್ತದೆ. ಕೆಲವೇ ವರ್ಷಗಳಲ್ಲಿ ಅಳತೆಯನ್ನು ಸೆಕೆಂಡಿಗೆ ಬದಲಾಯಿಸಿ, ಆರಂಭಬಿಂದುವನ್ನು 1970ರ ಜನವರಿ 1, ಗ್ರೀನಿಚ್ ಮಧ್ಯರಾತ್ರಿ ಎಂದು ನಿಲ್ಲಿಸಿದರು. ಗೂಟವನ್ನು ಹತ್ತಿರ ನೆಟ್ಟು ಸಂಖ್ಯೆಯನ್ನು ಚಿಕ್ಕದಾಗಿಸುವ ಇದೇ ಕೆಲಸವನ್ನು ಕರಣ ಗ್ರಂಥಕಾರರೂ ಮಾಡಿದ್ದರು.

1970ರ ಜನವರಿ 1ರ ಕಲಿ ಅಹರ್ಗಣ 18,52,122. ಅದನ್ನು 7ರಿಂದ ಭಾಗಿಸಿದರೆ ಶೇಷ 6. ಕಲಿಯ ಆರಂಭ ಶುಕ್ರವಾರ. ಅದಕ್ಕೆ 6 ಕೂಡಿಸಿದರೆ ಗುರುವಾರ. ಆ ದಿನ ಗುರುವಾರವೇ ಆಗಿತ್ತು.

ಡೇಟಾಬೇಸಿನಿಂದ ಯೂನಿಕ್ಸ್‌ಗೆ

2000-01ರ ಹೊತ್ತಿಗೆ ಕರ್ನಾಟಕದಲ್ಲಿ ‘ಭೂಮಿ’ ಯೋಜನೆ ಬಂದು, ಸುಮಾರು 2 ಕೋಟಿ ಪಹಣಿಗಳು 177 ತಾಲ್ಲೂಕು ಕೇಂದ್ರಗಳಲ್ಲಿ ಕಂಪ್ಯೂಟರಿಗೆ ಸೇರಿದವು. ಆಗ ಗುಲಬರ್ಗಾ ಜಿಲ್ಲೆಗೆ ಸೇರಿದ್ದ ಯಾದಗಿರಿ, ಶಹಾಪುರ, ಸುರಪುರ ತಾಲ್ಲೂಕುಗಳೂ ಅವುಗಳಲ್ಲಿದ್ದವು. ಖಾತೆ ಬದಲಾವಣೆಯ ಅರ್ಜಿಗಳನ್ನು ಬಂದ ಸರದಿಯಂತೆಯೇ ವಿಲೇವಾರಿ ಮಾಡಬೇಕು ಎಂಬುದು ಅದರ ಮುಖ್ಯ ನಿಯಮಗಳಲ್ಲೊಂದು. ಸರದಿ ಇದ್ದಲ್ಲಿ ಪ್ರತಿ ಅರ್ಜಿಗೂ ಕಾಲಮುದ್ರೆ ಬೇಕು. ಕಾಲಮುದ್ರೆ ತಪ್ಪಿದರೆ ಮೊದಲು ಬಂದವನು ಹಿಂದಾಗುತ್ತಾನೆ.

ಡೇಟಾಬೇಸುಗಳು ಕಾಲಮುದ್ರೆಯನ್ನು ಬೇರೆ ಬೇರೆ ಗೂಟಗಳಿಂದ ಎಣಿಸುತ್ತವೆ. ಎಸ್‌ಕ್ಯೂಎಲ್ ಸರ್ವರಿನ ಹಳೆಯ ‘ಡೇಟ್‌ಟೈಮ್’ ಬಗೆಯು 1900ರ ಜನವರಿ 1ರಿಂದ ದಿನಗಳನ್ನು ಎಣಿಸುತ್ತದೆ. ಅಲ್ಲಿಂದ 1970ರ ಜನವರಿ 1ಕ್ಕೆ 25,567 ದಿನ. ಎಕ್ಸೆಲ್‌ನಲ್ಲಿ ಅದೇ ದಿನದ ಸಂಖ್ಯೆ 25,569. ಎರಡು ದಿನ ಹೆಚ್ಚು ಏಕೆ? ಎಕ್ಸೆಲ್ 1900ರ ಜನವರಿ 1ನ್ನು 0 ಎನ್ನದೆ 1 ಎನ್ನುತ್ತದೆ. ಜೊತೆಗೆ ಇಲ್ಲದ 1900ರ ಫೆಬ್ರವರಿ 29ನ್ನೂ ಎಣಿಸುತ್ತದೆ. ಅದಕ್ಕಿಂತ ಹಿಂದಿನ ಲೋಟಸ್ ತಂತ್ರಾಂಶದ ತಪ್ಪನ್ನು ಹೊಂದಾಣಿಕೆಗಾಗಿ ಹಾಗೆಯೇ ಉಳಿಸಿಕೊಂಡದ್ದರ ಫಲ ಇದು.

ಈಗ ಒಂದು ಉದಾಹರಣೆ. ಡೇಟಾಬೇಸಿನಲ್ಲಿ 2001ರ ಸೆಪ್ಟೆಂಬರ್ 9, ಬೆಳಗಿನ 7 ಗಂಟೆ 16 ನಿಮಿಷ 40 ಸೆಕೆಂಡು ಎಂದಿದೆ. ಹೊತ್ತು ಭಾರತದ್ದು. ಹಂತಗಳು ಹೀಗೆ:

1. 1970ರ ಜನವರಿ 1ರಿಂದ ಆ ದಿನಕ್ಕೆ 11,574 ದಿನ. 86,400ರಿಂದ ಗುಣಿಸಿದರೆ 99,99,93,600 ಸೆಕೆಂಡು.
2. ಆ ದಿನದ ಗಂಟೆ, ನಿಮಿಷ ಸೇರಿ 26,200 ಸೆಕೆಂಡು. ಕೂಡಿಸಿದರೆ 1,00,00,19,800.
3. ಐದೂವರೆ ಗಂಟೆಯ 19,800 ಸೆಕೆಂಡುಗಳನ್ನು ಕಳೆಯಿರಿ. ಉತ್ತರ 1,00,00,00,000.

ಯೂನಿಕ್ಸ್ ಕಾಲ ಸರಿಯಾಗಿ ನೂರು ಕೋಟಿ ಸೆಕೆಂಡು ಮುಟ್ಟಿದ ಗಳಿಗೆ ಅದು! ಮೂರನೆಯ ಹಂತ ಮರೆತರೆ ಉತ್ತರ ಐದೂವರೆ ಗಂಟೆ ಮುಂದಕ್ಕೆ ಹೋಗುತ್ತದೆ. ಈ ಮರೆವು ಬಹಳ ಸಾಮಾನ್ಯ. ಸಿ ಭಾಷೆಯ ‘ಎಂಕೆಟೈಮ್’ ಎಂಬ ಕಾರ್ಯವಿಧಿ, ತಾನು ಓಡುತ್ತಿರುವ ಕಂಪ್ಯೂಟರಿನ ಕಾಲವಲಯವನ್ನೇ ಹಿಡಿದು ಲೆಕ್ಕ ಮಾಡುತ್ತದೆ. ಡೇಟಾಬೇಸ್ ಇರುವ ಸರ್ವರ್ ಭಾರತದ ಹೊತ್ತಿನಲ್ಲಿದ್ದು, ಓದುವ ಗ್ರಾಹಕ ಪ್ರೋಗ್ರಾಂ ಗ್ರೀನಿಚ್ ಹೊತ್ತಿನ ಕಂಪ್ಯೂಟರಿನಲ್ಲಿದ್ದರೆ ತಪ್ಪು ತಾನಾಗಿಯೇ ನುಸುಳುತ್ತದೆ. ಯಾವ ದೋಷಸೂಚನೆಯೂ ಬರುವುದಿಲ್ಲ. ಆದ್ದರಿಂದ ಕಾಲಮುದ್ರೆ ಯಾವ ವಲಯದ್ದೆಂದು ಡೇಟಾಬೇಸಿನಲ್ಲೇ ಬರೆದಿಡಬೇಕು; ಗ್ರಾಹಕ ಪ್ರೋಗ್ರಾಂ ತನ್ನ ಗಡಿಯಾರವನ್ನು ನಂಬದೆ ಆ ವಲಯವನ್ನೇ ಬಳಸಬೇಕು.

ಸೊನ್ನೆಯ ಹಿಂದಿನ ಜನ

1970ಕ್ಕಿಂತ ಹಿಂದಿನ ಕಾಲಕ್ಕೆ ಯೂನಿಕ್ಸ್ ಸಂಖ್ಯೆ ಋಣವಾಗುತ್ತದೆ. ಹೈದರಾಬಾದ್ ಸಂಸ್ಥಾನ ಭಾರತಕ್ಕೆ ಸೇರಿದ ದಿನವೆಂದು ನಮ್ಮ ಭಾಗ ಆಚರಿಸುವ 1948ರ ಸೆಪ್ಟೆಂಬರ್ 17ನ್ನೇ ನೋಡಿ. ಪಂಚಾಂಗದಲ್ಲಿ ಅದು ಶಕ 1870, ಸರ್ವಧಾರಿ ಸಂವತ್ಸರದ ಭಾದ್ರಪದ ಶುಕ್ಲಪಕ್ಷ. ಕಂದಾಯದ ಲೆಕ್ಕದಲ್ಲಿ 1357 ಫಸಲಿಯ ಆಬಾನ್. ಹಿಜರಿ 1367. ಕಲಿ ಅಹರ್ಗಣ 18,44,346. ಅದು 7ರಿಂದ ಶೇಷವಿಲ್ಲದೆ ಭಾಗವಾಗುತ್ತದೆ, ಆದ್ದರಿಂದ ಶುಕ್ರವಾರ. 1970ಕ್ಕೆ 7,776 ದಿನ ಹಿಂದೆ. ಆ ದಿನ ಭಾರತದ ಮಧ್ಯರಾತ್ರಿಯ ಯೂನಿಕ್ಸ್ ಕಾಲ ಋಣ 67,18,66,200.

ಋಣ ಸಂಖ್ಯೆಗಳನ್ನು ಎಲ್ಲ ಪ್ರೋಗ್ರಾಂಗಳೂ ಸರಿಯಾಗಿ ನಿಭಾಯಿಸುವುದಿಲ್ಲ. ಭಾಗಾಕಾರದಲ್ಲಿ ದಶಾಂಶ ಬಿಟ್ಟುಬಿಡುವಾಗ ಸೊನ್ನೆಯ ಕಡೆ ಸರಿಯುವುದೋ ಕೆಳಗಿನ ಸಂಖ್ಯೆಗೆ ಇಳಿಯುವುದೋ ಎಂಬುದರಲ್ಲೇ ಒಂದು ದಿನ ತಪ್ಪಬಹುದು. ಖಾಲಿ ಬಿಟ್ಟ ಜಾಗ ಸೊನ್ನೆಯಾದರೆ ಪರದೆಯ ಮೇಲೆ 1970ರ ಜನವರಿ 1, ಬೆಳಗಿನ 5:30 ಎಂದು ಕಾಣುತ್ತದೆ. ಅಂಥ ತಾರೀಖು ಕಂಡರೆ, ಅದು ಹುಟ್ಟಿದ ದಿನವಲ್ಲ, ಯಾರೋ ತುಂಬದೆ ಬಿಟ್ಟ ಜಾಗ ಎಂದು ಮೊದಲು ಸಂಶಯಪಡಬೇಕು.

ಜನ್ಮದಿನಾಂಕದ ವಿಷಯದಲ್ಲಿ ಇನ್ನೊಂದು ಎಚ್ಚರ ಬೇಕು. ಜೂನ್ 1ರ ಭಾರತದ ಮಧ್ಯರಾತ್ರಿ ಗ್ರೀನಿಚ್‌ನಲ್ಲಿ ಮೇ 31ರ ಸಂಜೆ 6:30. ಜೂನ್ 1 ಎಂಬ ಜನ್ಮದಿನವನ್ನು ಸೆಕೆಂಡಾಗಿ ಬದಲಾಯಿಸಿ, ಗ್ರೀನಿಚ್ ಹೊತ್ತಿನಲ್ಲಿ ಮರಳಿ ಓದಿದರೆ ಮಗು ಒಂದು ದಿನ ಮೊದಲೇ ಹುಟ್ಟಿರುತ್ತದೆ! ಶಾಲೆಯ ದಾಖಲೆಯಲ್ಲಿ ಒಂದು, ಇನ್ನೊಂದು ಪ್ರಮಾಣಪತ್ರದಲ್ಲಿ ಮತ್ತೊಂದು ತಾರೀಖಾದರೆ ಅದನ್ನು ಸರಿಪಡಿಸಲು ತಿರುಗುವವರು ತಂದೆ-ತಾಯಿ. ಅರ್ಜಿ ಬಂದ ಗಳಿಗೆ ಒಂದು ಕ್ಷಣ. ಅದನ್ನು ಸೆಕೆಂಡಿನಲ್ಲಿ ಇಡುವುದು ಸರಿ. ಹುಟ್ಟಿದ ದಿನ ಒಂದು ತಾರೀಖು. ಅದನ್ನು ತಾರೀಖಾಗಿಯೇ ಇಡಬೇಕು. ಭೂಸುಧಾರಣೆಯಲ್ಲಿ ಗೇಣಿಯ ಹಕ್ಕನ್ನು ನಿರ್ಧರಿಸಿದ 1974ರ ಮಾರ್ಚ್ 1 ಕೂಡ ಇಂಥ ತಾರೀಖೇ. ಅದು ಫೆಬ್ರವರಿ 28 ಎಂದು ಕಾಣಿಸಿಕೊಂಡರೆ ವಾದಕ್ಕೆ ದಾರಿಯಾಗುತ್ತದೆ.

2038ರ ಜನವರಿ 19

ಧನ-ಋಣ ಎರಡನ್ನೂ ಹಿಡಿಸುವ 32 ಬಿಟ್‌ಗಳಲ್ಲಿ ಅತಿ ದೊಡ್ಡ ಸಂಖ್ಯೆ 2,14,74,83,647. ಯೂನಿಕ್ಸ್ ಕಾಲ ಅದನ್ನು ಮುಟ್ಟುವುದು 2038ರ ಜನವರಿ 19, ಭಾರತದ ಹೊತ್ತಿನಲ್ಲಿ ಬೆಳಗಿನ 8:44:07ಕ್ಕೆ. ಮರುಕ್ಷಣ ಹಳೆಯ ಪ್ರೋಗ್ರಾಂಗಳಲ್ಲಿ ಅದು 1901ರ ಡಿಸೆಂಬರ್‌ಗೆ ಜಿಗಿಯಬಹುದು. ಸರ್ವಧಾರಿ 60 ವರ್ಷಕ್ಕೆ ಮರಳಿದಂತೆ, ಇಲ್ಲಿ ಚಕ್ರ ಸುಮಾರು 136 ವರ್ಷದ್ದು. 64 ಬಿಟ್‌ಗಳ ಕಂಪ್ಯೂಟರುಗಳಿಗೆ ಈ ತೊಂದರೆ ಇಲ್ಲ. ಆದರೆ ಹಳೆಯ ಡೇಟಾಬೇಸಿನ ಕೋಷ್ಟಕದಲ್ಲಿ ಅಂಕಣದ ಅಗಲ 32 ಬಿಟ್ ಆಗಿಯೇ ಉಳಿದಿದ್ದರೆ ಹೊಸ ಯಂತ್ರ ತಂದರೂ ಪ್ರಯೋಜನವಿಲ್ಲ. ಇಂದು 20 ವರ್ಷದ ಸಾಲ ಬರೆದುಕೊಳ್ಳುವ ಪ್ರೋಗ್ರಾಂ ಈಗಾಗಲೇ ಆ ಗಡಿ ದಾಟಿ ಲೆಕ್ಕ ಮಾಡಬೇಕಾಗಿದೆ.

ತರಗತಿಯಲ್ಲಿ ಮಾಡಿ ನೋಡಿ

ಶಿಕ್ಷಕರು ಮಕ್ಕಳಿಂದ ಎರಡು ಚಟುವಟಿಕೆ ಮಾಡಿಸಬಹುದು. ಒಂದು, ಪ್ರತಿಯೊಬ್ಬರೂ ತಮ್ಮ ಜನ್ಮದಿನ 1970ರ ಜನವರಿ 1ರಿಂದ ಎಷ್ಟನೆಯ ದಿನವೆಂದು ಎಣಿಸಿ, 7ರಿಂದ ಭಾಗಿಸಿ, ಗುರುವಾರದಿಂದ ಮುಂದೆ ಎಣಿಸಿ ವಾರ ಕಂಡುಹಿಡಿಯಲಿ. ವಾರ ತಪ್ಪಿದರೆ ಅಧಿಕವರ್ಷ ಮರೆತಿರುತ್ತಾರೆ. ಎರಡು, ಮನೆಯ ಹಿರಿಯರಲ್ಲಿ ಫಸಲಿ ತಾರೀಖಿನ ಕಾಗದವಿದ್ದರೆ ಕೇಳಿ ನೋಡಲಿ. ಯಾವ ತಿಂಗಳು, ಯಾವ ಊರು ಎಂದು ಬರೆದುಕೊಂಡು, 590 ಕೂಡಿಸಬೇಕೋ 591 ಕೂಡಿಸಬೇಕೋ ನಿರ್ಧರಿಸಲಿ. ಕಂಪ್ಯೂಟರಿಗೆ ಊಡಿಸುವಾಗ ಇಸವಿಯ ಜೊತೆಗೆ ಮೂಲ ಫಸಲಿ ಬರಹವನ್ನೂ ಇನ್ನೊಂದು ಅಂಕಣದಲ್ಲಿ ಹಾಗೆಯೇ ಉಳಿಸಲಿ. ನಮ್ಮ ಪರಿವರ್ತನೆಯಲ್ಲಿ ತಪ್ಪಿದ್ದರೆ ಮುಂದಿನವರು ತಿದ್ದಲು ಮೂಲವಾದರೂ ಕೈಯಲ್ಲಿರುತ್ತದೆ.